ಸವತಿ ಬಿಲ್ಲೆ

ಮುನಿಶಾಮಮ್ಮನ ಕೊರಳಲ್ಲಿರುವುದು ಗಂಡ ಕಟ್ಟಿದ ತಾಳಿಯಲ್ಲ. ಅದನ್ನು ಅವನು ತೀರಿಕೊಂಡ ಮೇಲೆ ಕೆರೆಯ ಹತ್ತಿರ ಕೂರಿಸಿ ತೆಗೆದದ್ದಾಯಿತು. ಈಗ ಇರುವುದು ಅರಿಶಿನದಲ್ಲಿ ಅದ್ದಿದ ದಾರ, ದಾರದಲ್ಲಿ ಹಳೆಯ ನಾಲ್ಕಾಣೆಯಷ್ಟು ಅಗಲದ ಬೆಳ್ಳಿ ಬಿಲ್ಲೆ. ಬಿಲ್ಲೆಯ ಒಂದು ಮೈಯಲ್ಲಿ ಒಬ್ಬ ಹೆಂಗಸು. ಹೆಂಗಸು ಅಂದರೆ ಏನು, ಮುಳಬಾಗಿಲಿನ ಅಕ್ಕಸಾಲಿ ಎರಡು ಚುಕ್ಕೆ ಇಟ್ಟು ಕಣ್ಣು ಮಾಡಿದ, ಒಂದು ಗೀರು ಎಳೆದು ಬಾಯಿ ಮಾಡಿದ, ತಲೆಯ ಮೇಲೆ ಸೆರಗಿನ ಗೆರೆ ಬಗ್ಗಿಸಿದ, ಅಷ್ಟೇ. ಅದೂ ಈಗ ಸವೆದು ಬೆರಳಿಗೆ ಸಿಕ್ಕಿದರೆ ಸಿಕ್ಕಿತು. ಇನ್ನೊಂದು ಮೈ ಬೋಳು. ಆದರೆ ಆ ಮನೆಯಲ್ಲಿ ಅದನ್ನು ಯಾರೂ ಬೆಳ್ಳಿ ಅನ್ನುವುದಿಲ್ಲ. ಅದು ಬೈರಮ್ಮ.

ಬೈರಮ್ಮ ವೆಂಕಟರಮಣಪ್ಪನ ಮೊದಲನೆಯ ಹೆಂಡತಿ. ಪಲಮನೇರು ಕಡೆಯವಳು, ತೆಲುಗು ಬಿಟ್ಟರೆ ಬೇರೆ ಮಾತು ಬಾರದು. ಗಂಡು ಮಗು ಹೆತ್ತು ಬಾಣಂತಿತನ ಮುಗಿಯುವ ಮೊದಲೇ ಸನ್ನಿ ಹಿಡಿದು ನಡುಮನೆಯ ಪಕ್ಕದ ಕೋಣೆಯಲ್ಲಿ ಪ್ರಾಣ ಬಿಟ್ಟಳು. ಕೈತುಂಬ ಹಸಿರು ಬಳೆ ಇಟ್ಟೇ ಅವಳನ್ನು ಮಣ್ಣು ಮಾಡಿದರು. ಆಮೇಲೆ ಅತ್ತೆ ಆ ಕೋಣೆಯ ಬಾಗಿಲಿಗೆ ಒಳಗಡೆ ಇದ್ದ ಚಿಲಕವನ್ನು ಕೀಳಿಸಿಬಿಟ್ಟಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಮಗು ಅಂಬೆಗಾಲಿಡುವ ಹೊತ್ತಿಗೆ ತಾಯಲೂರಿನ ಪಕ್ಕದ ಆ ಊರಿಗೆ, ಆ ಮನೆಗೆ, ಮುನಿಶಾಮಮ್ಮ ಎರಡನೆಯ ಸಂಬಂಧವಾಗಿ ಬಂದಳು.

ಎರಡನೆಯವಳು ಮೊದಲನೆಯವಳನ್ನು ಕೊರಳಲ್ಲಿ ಹೊರಬೇಕು, ಇಲ್ಲದಿದ್ದರೆ ಸತ್ತವಳು ಸುಮ್ಮನಿರುವುದಿಲ್ಲ. ಇದು ಹಿಂದಿನಿಂದ ಬಂದದ್ದು. ಧಾರೆಯ ದಿನ ಅತ್ತೆ ಬಿಲ್ಲೆಯನ್ನು ಹಾಲಿನಲ್ಲಿ ಅದ್ದಿ ತಂದಳು. ಗಂಡ ತಾಳಿ ಹಿಡಿದು ನಿಂತಿದ್ದ. ಅವನನ್ನು ಕೈಸನ್ನೆಯಲ್ಲೇ ತಡೆದು, ಬಿಲ್ಲೆಯ ದಾರವನ್ನು ಮೊದಲು ಕಟ್ಟಿ, ಅತ್ತೆ ಮುನಿಶಾಮಮ್ಮನ ಕಿವಿಯಲ್ಲಿ ಹೇಳಿದಳು: "ಮುಂದು ನೀಕೇ ಅಕ್ಕಾ ಅನ್ನು." ಮೊದಲು ನಿನಗೇ ಅಕ್ಕಾ, ಅಂತ. ಸತ್ತವಳಿಗೆ ಕನ್ನಡ ಬಾರದಲ್ಲ. ಮುನಿಶಾಮಮ್ಮ ಹಾಗೇ ಅಂದಳು. ಆಮೇಲೆ ಗಂಡನ ತಾಳಿ ಬಿತ್ತು. ವಾಲಗದವರು ಆಗಲೇ ಊದಿದರು. ಬಿಲ್ಲೆಗೆ ಯಾರೂ ವಾಲಗ ಊದಲಿಲ್ಲ. ಆದರೆ ಮೊದಲು ಬಿದ್ದ ಗಂಟು ಯಾವುದು ಅಂತ ಕೇಳಿದರೆ ಅವಳು ಇವತ್ತಿಗೂ ತಪ್ಪದೆ ಹೇಳುತ್ತಾಳೆ.

ಮೊದಮೊದಲು ಆ ಮನೆಯಲ್ಲಿ ಅವಳಿಗೆ ಅನ್ನ ಇಳಿಯಲಿಲ್ಲ. ಯಾರೋ ಎದೆಯ ಮೇಲೆ ಕುಂತ ಹಾಗೆ. ಮಗು ಇವಳ ಕಡೆ ಬರದು. ಇವಳ ಭುಜದ ಹಿಂದೆ, ಗೋಡೆಯ ಕಡೆ ನೋಡಿ ನಗುವುದು, ಕೈ ಚಾಚುವುದು. ತಿರುಗಿ ನೋಡಿದರೆ ಗೋಡೆ. ಒಂದು ಮಧ್ಯಾಹ್ನ ರೇಷ್ಮೆಹುಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮೊದಲು ಹುಳು ಹೀಗೆ ಜ್ವರಕ್ಕೆ ಕೂತರೆ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಕಲ್ಲಿನ ಹಾಗೆ ನಿಲ್ಲುತ್ತವೆ. ಬೇರೆ ದಿನ ಬಿಡದೆ ಸರಸರ ಅನ್ನುವ ಮನೆ ಅವತ್ತು ಉಸಿರು ಕಟ್ಟಿದ ಹಾಗೆ ಇರುತ್ತದೆ. ಅತ್ತೆ ಹೊಲಕ್ಕೆ ಹೋಗಿದ್ದಳು, ಗಂಡ ಲಾರಿಯ ಮೇಲೆ ಎಲ್ಲಿದ್ದನೋ. ಮಗು ಕೋಣೆಯ ಹೊಸ್ತಿಲಲ್ಲಿ ಕೂತು ಒಳಗೆ ನೋಡಿಕೊಂಡು ಅಳುತ್ತಿತ್ತು. ಮುನಿಶಾಮಮ್ಮ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಅಂದಳು: "ಅಕ್ಕಾ, ಮಗು ನಿಂದೇ. ನಾನು ಕಿತ್ಕೊಳ್ಳೋಕೆ ಬಂದಿಲ್ಲ. ಎತ್ಕೊಳ್ಳೋಕೆ ನಿಂಗೆ ಕೈ ಇಲ್ಲ, ನಂಗೈತೆ. ಒಪ್ಕೋ." ಮಗು ಅಳು ನಿಲ್ಲಿಸಿತು. ಹೊಸ್ತಿಲಿಂದ ತಿರುಗಿ ಇವಳ ಕಡೆ ತೆವಳಿ ಬಂತು.

ಅವತ್ತಿನಿಂದ ಆ ಮನೆಯನ್ನು ನಡೆಸಿದವರು ಇಬ್ಬರು. ಗಂಡ ಶ್ರೀನಿವಾಸಪುರದ ಮಾವಿನ ಮಂಡಿಯಿಂದ ಹಣ್ಣು ತುಂಬಿಕೊಂಡು ಹೋದರೆ ವಾರ, ಹದಿನೈದು ದಿನ. ಬರುವುದು, ಉಣ್ಣುವುದು, ಮಲಗುವುದು, ಹೋಗುವುದು. ಒಳ್ಳೆಯವನೇ. ಆದರೆ ಮಗನಿಗೆ ಯಾವ ಸ್ಕೂಲು, ಎಮ್ಮೆ ಮಾರುವುದೋ ಬೇಡವೋ, ಹಬ್ಬದ ಅಂಗಿ ಬಟ್ಟೆ ಯಾವ ಬಣ್ಣದ್ದು, ಇದನ್ನೆಲ್ಲ ಮುನಿಶಾಮಮ್ಮ ಮಾತಾಡಿದ್ದು ಅಕ್ಕನ ಜೊತೆ. ಬಿಲ್ಲೆಯ ಮುಖ ಹೊರಗಿದ್ದರೆ ಅಕ್ಕ ನೋಡುತ್ತಿದ್ದಾಳೆ ಅಂತ. ಬೋಳು ಮೈ ಹೊರಗೆ ಬಂದರೆ ಅಕ್ಕ ಮುನಿಸಿಕೊಂಡು ಮುಖ ತಿರುಗಿಸಿದ್ದಾಳೆ ಅಂತ. ಹೊಸ ಸೀರೆ ಬಂದರೆ ಮಡಿಕೆ ಬಿಚ್ಚದೆ ಮೊದಲು ಬಿಲ್ಲೆಗೆ ತೋರಿಸಬೇಕು, ಆಮೇಲೆ ಉಡಬೇಕು. ಒಲೆಯ ಮುಂದೆ ಕೂತು ಒಬ್ಬಳೇ ಮಾತಾಡುವುದನ್ನು ಕಂಡು ನೆರೆಯವರು ನಗುತ್ತಿದ್ದರು. "ಏನೇ ಮುನಿಶಾಮಮ್ಮ, ಗಂಡನ್ ಜೊತೇಲೂ ಹಿಂಗೇ ಮಾತಾಡ್ತೀಯಾ?" ಅನ್ನುತ್ತಿದ್ದರು. "ಅವನಿಗೆ ಕೇಳ್ಸಲ್ಲ ಕಣಕ್ಕಾ, ಲಾರಿ ಸದ್ದು" ಅನ್ನುತ್ತಿದ್ದಳು.

ಮಗ ಚಂದ್ರಮೋಹನ್ ಅವಳನ್ನು ಪಿನ್ನಮ್ಮ ಅಂತ ಕರೆದ. ತೆಲುಗಿನಲ್ಲಿ ಚಿಕ್ಕಮ್ಮ. ಅಮ್ಮ ಅನ್ನುವ ಮಾತನ್ನು ಅವನು ಬಿಲ್ಲೆಗೆ ಎತ್ತಿಟ್ಟಿದ್ದ.

ಆ ಕಡೆ ಮಾರ್ನಾಮಿಗೆ, ಅಂದರೆ ಮಹಾನವಮಿಗೆ, ಹಿರಿಯರಿಗೆ ಎಡೆ ಇಡುತ್ತಾರೆ. ಬೈರಮ್ಮ ಸತ್ತ ಕೋಣೆಯಲ್ಲೇ ಎಡೆ. ಬಾಳೆಲೆ, ಹೊಸ ಸೀರೆ, ಪಂಚೆ, ಸತ್ತವರಿಗೆ ಇಷ್ಟವಾದದ್ದೆಲ್ಲ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಕೂರಬೇಕು. ಒಳಗೆ ಹಿರಿಯರು ಉಣ್ಣುವ ಹೊತ್ತಿನಲ್ಲಿ ಹೊರಗಿನವರು ದನಿ ಎತ್ತಬಾರದು. ಎತ್ತಿದರೆ ಅರ್ಧ ಊಟದಲ್ಲಿ ಎದ್ದು ಹೋಗುತ್ತಾರೆ. ಸಾಕಾಯಿತು ಅನ್ನಿಸಿದಾಗ ಮನೆಯ ಹೆಂಗಸು ಬಾಗಿಲು ತೆಗೆಯಬೇಕು. ಹೊಸದಾಗಿ ಸೊಸೆ ಬಂದಿದ್ದರೆ ಮೊದಲ ಮಾರ್ನಾಮಿಗೆ ಅವಳೇ ತೆಗೆಯಬೇಕು. ಹಿರಿಯರು ಎದ್ದು ಹೋಗುವ ಮೊದಲು ಅವಳ ಮುಖ ನೋಡಿಕೊಳ್ಳಲಿ ಅಂತ. ಮುನಿಶಾಮಮ್ಮ ಹಾಗೆ ತೆಗೆದಿದ್ದಳು. ಮುಂದೆ ಚಂದ್ರಮೋಹನನ ಹೆಂಡತಿ ಸುನಂದ ತೆಗೆದಳು.

ಚಿಕ್ಕವನಿದ್ದಾಗ ಚಂದ್ರಮೋಹನ್ ಆ ಮುಚ್ಚಿದ ಬಾಗಿಲಿಗೆ ಕಿವಿ ಇಟ್ಟು ಕೂರುತ್ತಿದ್ದ. ಏಳಿಸಿದರೆ ಏಳುತ್ತಿರಲಿಲ್ಲ. "ಕೇಳಿಸ್ತೇನೋ?" ಅಂತ ಮುನಿಶಾಮಮ್ಮ ಕೇಳಿದರೆ ಇಲ್ಲ ಅಂತ ತಲೆ ಆಡಿಸುತ್ತಿದ್ದ. ವರ್ಷ ವರ್ಷವೂ ಇಲ್ಲ. ಮೀಸೆ ಬಂದ ಮೇಲೆ ಕಿವಿ ಇಡುವುದನ್ನು ಬಿಟ್ಟ, ಆದರೆ ಬಾಗಿಲ ಪಕ್ಕದ ಆ ಜಾಗ ಬಿಡಲಿಲ್ಲ. ಮುನಿಶಾಮಮ್ಮ ಅವನಿಗೆ ಒಂದು ಮಾತು ಯಾವತ್ತೂ ಹೇಳಲಿಲ್ಲ. ಅವಳಿಗೂ ಅಕ್ಕನ ಸದ್ದು ಕೇಳಿಸಿದ್ದಿಲ್ಲ. ಎದೆಯ ಮೇಲಿನ ಭಾರ ಮಾತ್ರ ಗೊತ್ತು.

ವೆಂಕಟರಮಣಪ್ಪ ಸತ್ತಾಗ ನಡೆದದ್ದನ್ನು ಊರಿನ ಹಳಬರು ಈಗಲೂ ಆಡುತ್ತಾರೆ. ಕೆರೆಯಲ್ಲಿ ಹೆಂಗಸರು ಅವಳ ಬಳೆ ಒಡೆದರು, ಕುಂಕುಮ ಒರೆಸಿದರು, ತಾಳಿ ಕತ್ತರಿಸಿದರು. ಶ್ಯಾಮಲಮ್ಮ ಅಂತ ಒಬ್ಬಳು ಮುದುಕಿ ಬಿಲ್ಲೆಯ ದಾರಕ್ಕೂ ಕೈ ಹಾಕಿದಳು. ಏರಿಯ ಮೇಲೆ ಗಂಡಸರ ಸಾಲಿನಲ್ಲಿ ತಲೆ ಬೋಳಿಸಿಕೊಂಡು ನಿಂತಿದ್ದ ಚಂದ್ರಮೋಹನ್, ಗಂಡಸು ಬರಬಾರದ ಜಾಗಕ್ಕೆ ದಡದಡ ಇಳಿದು ಬಂದ.

"ಅಪ್ಪ ಹೋದ, ಅಪ್ಪನ ತಾಳಿ ತೆಗೆದ್ರಿ. ನಮ್ಮಮ್ಮನ್ನ ಯಾಕೆ ತೆಗೀತೀರಿ? ಅದು ಅಪ್ಪ ಕಟ್ಟಿದ್ದಲ್ಲ. ಅವರಿಬ್ರುದು ಅವರಿಬ್ರುದು. ಅದನ್ನ ಬಿಚ್ಚೋಕೆ ನೀವ್ಯಾರು?"

ಶ್ಯಾಮಲಮ್ಮ ಬೆಂಕಿ ಮುಟ್ಟಿದ ಹಾಗೆ ಕೈ ಎಳೆದುಕೊಂಡಳು. ಆಮೇಲೆ ಊರಿನಲ್ಲಿ ಬಹಳ ದಿನ ಚರ್ಚೆ ನಡೆಯಿತು. ಅರಿಶಿನದ ದಾರ ಇದೆ, ಹಾಗಾದರೆ ಮುತ್ತೈದೆಯೇ? ಗಂಡ ಇಲ್ಲ, ಹಾಗಾದರೆ ಅಲ್ಲವೇ? ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಲು ನೋಡಿದರು, ಆಗಲಿಲ್ಲ. ಹಬ್ಬದಲ್ಲಿ ಕೆಲವರು ಅವಳಿಗೆ ಅರಿಶಿನ ಕುಂಕುಮ ಕೊಟ್ಟರು, ಕೆಲವರು ಅವಳನ್ನು ದಾಟಿ ಮುಂದಿನವಳಿಗೆ ಕೊಟ್ಟರು. ಮುನಿಶಾಮಮ್ಮ ಕೊಟ್ಟರೆ ಇಟ್ಟುಕೊಂಡಳು, ಬಿಟ್ಟರೆ ಸುಮ್ಮನಿದ್ದಳು. ದಾರ ಹಳೆಯದಾದಾಗಲೆಲ್ಲ ಹೊಸದಕ್ಕೆ ಬಿಲ್ಲೆ ಪೋಣಿಸಿ, ತಾನೇ ಕಟ್ಟಿಕೊಂಡಳು. ಹೀಗೇ ಇಷ್ಟು ಕಾಲ ಕಳೆಯಿತು.

ಈಗ ಬಿಲ್ಲೆ ಮತ್ತೆ ಮುಖ ತಿರುಗಿಸಿತ್ತು.

ಅದು ಶುರುವಾದದ್ದು ಮೊಮ್ಮಗಳು ಧನಶ್ರೀಗೆ ಶ್ರೀನಿವಾಸಪುರದ ಗಂಡು ನೋಡಿದಾಗಿನಿಂದ. ಮಾವಿನ ತೋಟ ಇದ್ದ ಮನೆ, ಹುಡುಗ ಕೆಲಸದಲ್ಲಿದ್ದಾನೆ. ದಸರಾ ಕಳೆದ ಸೋಮವಾರ ಬರುತ್ತೇವೆ ಎಂದಿದ್ದರು. ಮುನಿಶಾಮಮ್ಮ ಬೆಳಿಗ್ಗೆ ಬಿಲ್ಲೆಯ ಮುಖ ಹೊರಗೆ ಮಾಡುವಳು. ಒಲೆ ಊದಿ ಏಳುವಷ್ಟರಲ್ಲಿ ಬೋಳು ಮೈ ಹೊರಗೆ. ಸೊಪ್ಪು ಹಾಕಿ ಬರುವಷ್ಟರಲ್ಲಿ ಮತ್ತೆ ಬೋಳು. ದಾರ ತಿರುಚಿದೆಯೇನೋ ಅಂತ ಬೇರೆ ದಾರ ಕಟ್ಟಿದಳು. ಅದೇ. ಎದೆಯ ಮೇಲಿನ ಭಾರ, ಮದುವೆಯಾಗಿ ಬಂದ ಹೊಸತರಲ್ಲಿ ಇದ್ದದ್ದು, ಮತ್ತೆ ಬಂದು ಕೂತಿತ್ತು. "ಏನಕ್ಕಾ? ಏನಾಯ್ತು?" ಅಂತ ದಿನವೂ ಕೇಳುತ್ತಿದ್ದಳು.

ಆ ವಾರವೇ ದೆಹಲಿಯ ದೊಡ್ಡ ಕೋರ್ಟಿನ ತೀರ್ಪು ಬಂದದ್ದು. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಮದುವೆಯಾದರೆ ಕಾನೂನಿನಲ್ಲಿ ಅದು ಮದುವೆಯೋ ಅಲ್ಲವೋ ಅಂತ. ಮುನಿಶಾಮಮ್ಮ ಹಾಲು ಹಾಕಲು ಡೈರಿಗೆ ಹೋದಾಗ ಕ್ಯಾನುಗಳ ಸುತ್ತ ಅದೇ ಮಾತು. ಚಂದ್ರಮೋಹನ್ ಆ ಡೈರಿಯ ಸೆಕ್ರೆಟರಿ, ಒಳಗೆ ಹಾಲಿನ ಡಿಗ್ರಿ ನೋಡುತ್ತಿದ್ದ.

"ಆಗಲ್ಲ ಅಂದ್ಬಿಟ್ರಂತೆ. ಮದ್ವೆ ಅಂದ್ರೆ ಏನೂಂತ ಹೇಳೋದು ಪಾರ್ಲಿಮೆಂಟ್ ಕೆಲ್ಸ, ನಮ್ದಲ್ಲ ಅಂದ್ರಂತೆ" ಅಂದ ಹಾಲು ತಂದಿದ್ದ ವೆಂಕಟ್, ಫೋನು ನೋಡುತ್ತಾ.

"ಒಳ್ಳೇದಾಯ್ತು ಬಿಡು" ಅಂದ ಪಕ್ಕದಲ್ಲಿದ್ದ ಮುನಿಶಾಮಿ. "ಇಬ್ರೂ ಗಂಡಸ್ರಾದ್ರೆ ಆಷಾಢಕ್ಕೆ ತೌರಿಗೆ ಹೋಗೋದ್ಯಾರ್ಲಾ?"

"ನಿನ್ ಹೆಂಡ್ತಿ ಹೋದೋಳು ದಸರಾ ಬಂದ್ರೂ ಬಂದಿಲ್ಲ, ನೀನು ಬೇರೆಯೋರ ಆಷಾಢ ಕೇಳ್ತೀಯಾ."

ಎಲ್ಲರೂ ನಕ್ಕರು. ಮುನಿಶಾಮಿ ಬಿಡಲಿಲ್ಲ. "ಅಲ್ಲಾ, ಕಟ್ಟೆ ಮೇಲೆ ಅರಳೀಮರಕ್ಕೂ ಬೇವಿನಮರಕ್ಕೂ ತಾಳಿ ಕಟ್ಟಿ ಊಟ ಹಾಕಿಸಿದ್ರಲ್ಲಾ ನಮ್ಮಪ್ಪನೋರು. ಅದನ್ನ ಯಾವ ಕೋರ್ಟು ಕೇಳ್ತು? ಅದು ಮದ್ವೆ ಅಲ್ವಾ?"

"ಮರ ಜಗಳ ಆಡಲ್ಲ, ಅದ್ಕೇ ಅದು ಮದ್ವೆ ಅಲ್ಲ" ಅಂದ ವೆಂಕಟ್.

ಚಂದ್ರಮೋಹನ್ ಮಾತ್ರ ನಗಲಿಲ್ಲ. ಅವನ ಕಿವಿ ಕೆಂಪಗಾದದ್ದನ್ನು ಮುನಿಶಾಮಮ್ಮ ನೋಡಿದಳು. ಮಗನಿಗೆ ಏನೋ ಗೊತ್ತು, ತನಗೆ ಗೊತ್ತಿಲ್ಲ ಅನ್ನಿಸಿತು.

ಮಾರ್ನಾಮಿಯ ಬೆಳಿಗ್ಗೆ ಧನಶ್ರೀ ಬಂದಾಗ ಗೊತ್ತಾಯಿತು. ಅವಳು ಮಾಲೂರಿನ ಕಡೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಜೊತೆಗೆ ಒಬ್ಬಳು ಹುಡುಗಿ, ಪದ್ಮಶ್ರೀ. ಅದೇ ಫ್ಯಾಕ್ಟರಿ, ಒಂದೇ ರೂಮು, ಮಾಲೂರಿನ ಪಕ್ಕದಲ್ಲಿ ಗುಲಾಬಿ ಬೆಳೆಯುವವರ ಮಗಳು. ಎಡೆಗೆ ಅಂತ ಕವರಿನ ತುಂಬ ಗುಲಾಬಿ ತಂದಿದ್ದಳು. ಸುನಂದ ಕವರನ್ನು ಇಸಿದುಕೊಂಡು ಜಗಲಿಯ ಮೂಲೆಯಲ್ಲಿಟ್ಟಳು, ಒಳಗೆ ಒಯ್ಯಲಿಲ್ಲ. ಚಂದ್ರಮೋಹನ್ ಆ ಹುಡುಗಿಯನ್ನು ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ.

ಧನಶ್ರೀ ಅಜ್ಜಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೈ ಹಿಡಿದುಕೊಂಡಳು. "ಅವ್ವಾ, ಅಪ್ಪನಿಗೆ ಹೋದ ತಿಂಗ್ಳೇ ಫೋನಲ್ಲಿ ಹೇಳ್ದೆ. ನಾನು ಇವಳ ಜೊತೇಲೇ ಇರೋದು. ಬೇರೆ ಯಾರ್ ಮುಂದೇನೂ ಕೂರಲ್ಲ. ಕೋರ್ಟು ಹೂಂ ಅಂದ್ರೆ ಅಪ್ಪನೂ ಬಗ್ತಾನೆ ಅಂತ ಇಬ್ರೂ ಕಾದ್ವಿ. ಅವರೂ ಆಗಲ್ಲ ಅಂದ್ರು. ಇವಳ ಮನೇಲಿ ಇವಳನ್ನ ಆಗ್ಲೇ ಹೊರಗೆ ಹಾಕಿದ್ದಾರೆ."

ಮುನಿಶಾಮಮ್ಮನಿಗೆ ಇದು ಅರ್ಥವಾಗಲಿಲ್ಲ ಅಂತಲ್ಲ. ಎಲ್ಲೋ ಬಹಳ ಹಿಂದೆ ಅರ್ಥವಾಗಿದ್ದನ್ನು ಈಗ ಯಾರೋ ಬೇರೆ ಹೆಸರಿನಲ್ಲಿ ಕರೆದ ಹಾಗಿತ್ತು.

"ಅವಳು ಉಂಡಳಾ?" ಅಂತ ಮಾತ್ರ ಕೇಳಿದಳು.

ಸಂಜೆ ಎಡೆ ಇಟ್ಟರು. ಒಬ್ಬಟ್ಟು, ವಡೆ, ಮುದ್ದೆ, ಹುಳಿಸೊಪ್ಪು. ವೆಂಕಟರಮಣಪ್ಪನಿಗೆ ಪಂಚೆ, ಬೀಡಿಕಟ್ಟು. ಬೈರಮ್ಮನಿಗೆ ಹಸಿರು ಸೀರೆ, ಒಂದು ಡಜನ್ ಬಳೆ. ದೀಪ ಹಚ್ಚಿ ಮುನಿಶಾಮಮ್ಮ "ಮುಂದು ನೀಕೇ ಅಕ್ಕಾ" ಅಂದು ಬಾಗಿಲು ಎಳೆದುಕೊಂಡಳು. ಎಲ್ಲರೂ ನಡುಮನೆಯಲ್ಲಿ ಕೂತರು. ಚಂದ್ರಮೋಹನ್ ತನ್ನ ಹಳೆಯ ಜಾಗದಲ್ಲಿ, ಬಾಗಿಲ ಪಕ್ಕ. ಹುಳುಮನೆಯಲ್ಲಿ ಹುಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಸದ್ದೇ ಇಲ್ಲ. ಪದ್ಮಶ್ರೀ ಎಲ್ಲರಿಂದ ದೂರ, ಕಂಬಕ್ಕೆ ಒರಗಿ ಕೂತಳು.

ಆ ಹೊತ್ತನ್ನೇ ಕಾಯುತ್ತಿದ್ದವನ ಹಾಗೆ ಚಂದ್ರಮೋಹನ್ ಶುರುಮಾಡಿದ. ಪಿಸುಮಾತಿನಲ್ಲಿ. ದನಿ ಎತ್ತುವ ಹಾಗಿಲ್ಲವಲ್ಲ.

"ಎಡೆ ಮುಗೀಲಿ. ಆಮೇಲೆ ಆ ಹುಡುಗಿ ಬಸ್ ಹತ್ಲಿ. ನೀನು ಇಲ್ಲಿರು. ಸೋಮವಾರ ಅವ್ರು ಬರ್ತಾರೆ."

"ನಾನೂ ಹತ್ತೀನಿ" ಅಂದಳು ಧನಶ್ರೀ, ಅದೇ ಪಿಸುಮಾತಿನಲ್ಲಿ.

"ಹತ್ತಿದ್ರೆ ಇಳೀಬೇಡ. ಈ ಹೊಸ್ತಿಲು ತುಳೀಬೇಡ."

"ಅಪ್ಪಾ..."

"ಏನ್ ಅಪ್ಪಾ? ಡೈರಿಯಲ್ಲಿ ಜನ ನಗ್ತಾವ್ರೆ, ನಾನು ಹಾಲು ಅಳೀತಾ ಕೂತಿರ್ಬೇಕು. ನಾಳೆ ಯಾರಾದ್ರೂ ಕೇಳಿದ್ರೆ ಅವಳನ್ನ ನಾನು ಏನಂತ ಹೇಳ್ಲಿ? ಸೊಸೆ ಅಂತ್ಲಾ? ಅಳಿಯ ಅಂತ್ಲಾ?"

ಸುನಂದ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೂ ತಿಳಿಯಲಿಲ್ಲ. "ರೀ, ಮೆತ್ತಗೆ. ಮಾವ ಉಣ್ತಾವ್ರೆ" ಅಂದಳು.

ಚಂದ್ರಮೋಹನ್ ದನಿ ಇನ್ನೂ ತಗ್ಗಿಸಿದ. ತಗ್ಗಿಸಿದಷ್ಟೂ ಅದು ಹರಿತವಾಯಿತು. "ನೋಡು ಧನೂ. ಮದ್ವೆ ಆಗ್ದೆ ಸತ್ತೋರಿಗೆ ನಮ್ಮಲ್ಲಿ ಎಡೆ ಇಡಲ್ಲ. ಹಿರಿಯರ ಜೊತೆ ಸೇರಲ್ಲ ಅವ್ರು. ಹೊರಗೆ ತಿರುಗ್ತಿರ್ತಾರೆ. ನಿಂದು ಮದ್ವೆ ಅಲ್ಲ, ನಾಡು ಅಲ್ಲ ಅಂತೈತೆ, ಕೋರ್ಟು ಅಲ್ಲ ಅಂತೈತೆ. ನಾಳೆ ನೀನು ಸತ್ರೆ ಈ ಬಾಗ್ಲು ನಿಂಗೆ ತೆಗೆಯಲ್ಲ. ಯೋಚ್ನೆ ಮಾಡು."

ಮುನಿಶಾಮಮ್ಮನ ಎದೆಯ ಮೇಲೆ ಬಿಲ್ಲೆ ಕಲ್ಲಿನಷ್ಟು ತೂಕವಾಯಿತು. ತಾನು ಎತ್ತಿ ಆಡಿಸಿದ ಕೂಸು, ಸತ್ತ ಮೇಲೆ ಈ ಗೋಡೆಯ ಹೊರಗೆ ಹಸಿದು ತಿರುಗುವುದನ್ನು ಅವಳು ಕಣ್ಣಾರೆ ಕಂಡ ಹಾಗಾಯಿತು. ಆ ಮನೆಯಲ್ಲಿ ಅವಳು ಯಾವತ್ತೂ ಎದುರು ಮಾತಾಡಿದವಳಲ್ಲ.

"ಚಂದ್ರೂ" ಅಂದಳು. "ಕೆರೆ ಹತ್ರ ನೀನು ಏನಂದೆ?"

"ಯಾವ ಕೆರೆ ಪಿನ್ನಮ್ಮಾ?"

"ನಿಮ್ಮಪ್ಪ ಹೋದಾಗ. ಶ್ಯಾಮಲಮ್ಮ ದಾರಕ್ಕೆ ಕೈ ಹಾಕಿದಾಗ."

ಅವನ ಕಣ್ಣು ಬಿಲ್ಲೆಯ ಮೇಲೆ ಹೋಯಿತು.

"ಅವರಿಬ್ರುದು ಅವರಿಬ್ರುದು ಅಂದೆ. ಊರೇ ಎದುರು ನಿಂತಿತ್ತು. ನೀನು ಒಬ್ನೇ ಅಂದೆ. ನಿಮ್ಮಪ್ಪ ನಂಗೆ ಗಂಡ, ಇಲ್ಲ ಅನ್ನಲ್ಲ. ಆದ್ರೆ ಈ ಮನೇಲಿ ನಾನು ಯಾರ್ ಜೊತೆ ಬಾಳ್ದೆ ನೀನೇ ಹೇಳು. ನಿಂಗೆ ಜ್ವರ ಬಂದಾಗ ರಾತ್ರಿಯೆಲ್ಲ ಯಾರನ್ನ ಕರೀತಿದ್ದೆ ನಾನು? ನಿನ್ ಮದ್ವೆಗೆ ಹೂಂ ಅನ್ನೋ ಮೊದ್ಲು ಯಾರನ್ನ ಕೇಳ್ದೆ? ನೀನು ಇಬ್ರು ಹೆಂಗಸ್ರು ಸಾಕಿದ ಮಗ ಕಣೋ. ಯಾವನೂ ನಗ್ಲಿಲ್ಲ ಆಗ."

"ಅದು ಬೇರೆ ಪಿನ್ನಮ್ಮಾ" ಅಂದ ಅವನು. "ಅದು ಶಾಸ್ತ್ರ. ನಮ್ಮಮ್ಮ ಸತ್ತೋಗಿದ್ಲು."

"ಅಂಗಾದ್ರೆ ಸತ್ತೋಳ ಜೊತೆ ಆಗುತ್ತೆ, ಬದುಕಿರೋಳ ಜೊತೆ ಆಗಲ್ಲ ಅಂತೀಯಾ? ಈ ಮಕ್ಳಲ್ಲಿ ಒಬ್ಳು ಸತ್ರೆ ಇನ್ನೊಬ್ಳು ಬಿಲ್ಲೆ ಕಟ್ಕೊಂಡ್ರೆ ಒಪ್ತೀಯಾ? ಅಲ್ಲಿವರ್ಗೂ ಕಾಯ್ಬೇಕಾ ಅವ್ರು?"

"ಕೋರ್ಟೇ ಆಗಲ್ಲ ಅಂದೈತೆ!"

ಅದು ಪಿಸುಮಾತಾಗಿರಲಿಲ್ಲ. ಅವನ ದನಿ ಮನೆಯ ತೊಲೆಗೆ ಬಡಿದು ವಾಪಸು ಬಂತು. ಸುನಂದ ಎದ್ದು ನಿಂತಳು. ಎಲ್ಲರೂ ಮುಚ್ಚಿದ ಬಾಗಿಲ ಕಡೆ ನೋಡಿದರು. ಅರ್ಧ ಊಟದಲ್ಲಿ ಎಬ್ಬಿಸಿದ ಹಾಗಾಯಿತಲ್ಲ ಅನ್ನುವ ಭಯ ಒಬ್ಬೊಬ್ಬರ ಮುಖದಲ್ಲೂ ಹರಿಯಿತು. ಹುಳುಮನೆಯಲ್ಲಿ ಸದ್ದಿಲ್ಲ, ಬೀದಿಯಲ್ಲಿ ಸದ್ದಿಲ್ಲ.

ಕಂಬದ ಕಡೆಯಿಂದ ಪದ್ಮಶ್ರೀ ಮೆಲ್ಲಗೆ ಅಂದಳು: "ಒಳಗೆ ಇನ್ನೂ ಯಾರಿದ್ದಾರೆ?"

"ಏಯ್, ಸುಮ್ನಿರೇ" ಅಂದಳು ಧನಶ್ರೀ.

"ಅಲ್ಲ, ಬಳೆ ಸದ್ದಾಯ್ತು. ಕೈ ತೊಳೆಯೋವಾಗ ಬಳೆ ಮೇಲಕ್ಕೆ ಸರಿಸ್ಕೋತಾರಲ್ಲ, ಹಂಗೆ."

ಚಂದ್ರಮೋಹನ್ ಕೂತಲ್ಲೇ ತಿರುಗಿ, ಆ ಹುಡುಗಿಯನ್ನು ಅವತ್ತು ಮೊದಲ ಸಲ ನೇರವಾಗಿ ನೋಡಿದ. ಸಿಟ್ಟಿತ್ತು. ಸಿಟ್ಟಿನ ಕೆಳಗೆ ಇನ್ನೊಂದಿತ್ತು. ಮುನಿಶಾಮಮ್ಮನಿಗೆ ಅದು ಗುರುತು ಸಿಕ್ಕಿತು. ಬಾಗಿಲಿಗೆ ಕಿವಿ ಇಟ್ಟು ಕೂತು ಇಲ್ಲ ಅಂತ ತಲೆ ಆಡಿಸುತ್ತಿದ್ದ ಮಗುವಿನ ಮುಖ ಅದು.

"ನಿಂಗೆ ಕೇಳಿಸ್ತಾ?" ಅಂದ. ಅವನ ದನಿ ಮತ್ತೆ ಪಿಸುಮಾತಿಗೆ ಇಳಿದಿತ್ತು. "ಸುಳ್ಳು ಹೇಳ್ಬೇಡಮ್ಮ. ನಿಜವಾಗ್ಲೂ?"

"ಯಾಕಣ್ಣ ಸುಳ್ಳು ಹೇಳ್ಲಿ. ಗಾಜಿನ ಬಳೆ. ತುಂಬಾ ಇದ್ವು."

ಸುಳ್ಳೋ ನಿಜವೋ ಮುನಿಶಾಮಮ್ಮನಿಗೆ ಗೊತ್ತಿಲ್ಲ. ಎಡೆಗೆ ಬಳೆ ಇಟ್ಟದ್ದನ್ನು ಹುಡುಗಿ ನೋಡಿರಬಹುದು. ಒಳಗೆ ಇಲಿ ಓಡಾಡಿರಬಹುದು. ಆದರೆ ಆ ಹುಡುಗಿಯ ಮುಖದಲ್ಲಿ ಗೆಲ್ಲಬೇಕೆನ್ನುವ ಆಸೆ ಕಾಣಲಿಲ್ಲ. ಅಪರಿಚಿತ ಮನೆಯಲ್ಲಿ ಕೇಳಬಾರದ್ದನ್ನು ಕೇಳಿಬಿಟ್ಟೆನೇನೋ ಎಂಬ ಮುಜುಗರವೇ ಇತ್ತು. ಮನೆಯವರಿಗೆ ಇಷ್ಟು ಕಾಲವೂ ಕೇಳಿಸದ್ದು ಹೊಸ್ತಿಲು ದಾಟಿ ಬಂದ ದಿನವೇ ಇವಳಿಗೆ ಕೇಳಿಸಿತೇ ಅಕ್ಕಾ? ಒಂದು ಗಳಿಗೆ ಮುನಿಶಾಮಮ್ಮನ ಹೊಟ್ಟೆಯಲ್ಲಿ ಕಿಚ್ಚಾಯಿತು. ಸವತಿಯ ಮೇಲೆ ಸವತಿ ಬಂದ ಹಾಗೆ.

ಚಂದ್ರಮೋಹನ್ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಆಮೇಲೆ ಬಾಗಿಲ ಕಡೆ ತಿರುಗಿದ. ನರೆತ ತಲೆಯನ್ನು ನಿಧಾನವಾಗಿ ಬಗ್ಗಿಸಿ, ಚಿಕ್ಕವನ ಹಾಗೆ, ಹಲಗೆಗೆ ಕಿವಿ ಇಟ್ಟ. ಹೆಂಡತಿ ಮಗಳು ನೋಡುತ್ತಿದ್ದರು, ಲೆಕ್ಕಿಸಲಿಲ್ಲ. ಸಂಜೆ ಬೆಳಕು ಹೊಸ್ತಿಲಿನಿಂದ ಅಂಗಳಕ್ಕೆ ಸರಿಯಿತು. ಅವನಿಗೆ ಏನು ಕೇಳಿಸಿತೋ, ಏನೂ ಕೇಳಿಸಲಿಲ್ಲವೋ. ಕಿವಿ ತೆಗೆದಾಗ ಕೆನ್ನೆ ಒದ್ದೆಯಾಗಿತ್ತು.

"ದೀಪದಲ್ಲಿ ಎಣ್ಣೆ ತೀರಿರುತ್ತೆ" ಅಂದಳು ಸುನಂದ. "ಬಾಗ್ಲು ತೆಗೀತೀನಿ."

"ಇರು" ಅಂದ ಚಂದ್ರಮೋಹನ್.

ಸುನಂದ ನಿಂತಳು.

"ಶ್ರೀನಿವಾಸಪುರದೋರಿಗೆ ನಾಳೆ ಫೋನ್ ಮಾಡಿ ಬರ್ಬೇಡಿ ಅಂತೀನಿ." ಅವನು ಯಾರ ಮುಖವನ್ನೂ ನೋಡಲಿಲ್ಲ. ನೆಲವನ್ನು ನೋಡುತ್ತಾ ಹೇಳಿದ. "ಇದನ್ನ ಮದ್ವೆ ಅಂತ ನನ್ ಬಾಯಲ್ಲಿ ಹೇಳಿಸ್ಬೇಡಿ. ನಂಗೆ ಬರಲ್ಲ. ಏನನ್ಬೇಕೋ ಗೊತ್ತಿಲ್ಲ. ಪಿನ್ನಮ್ಮಂದನ್ನೂ ಏನಂತಾರೋ ನಂಗೆ ಇವತ್ತಿಗೂ ಗೊತ್ತಿಲ್ಲ." ಆಮೇಲೆ ಕಂಬದ ಕಡೆ ಕೈ ತೋರಿಸಿದ. "ಬಾಗ್ಲು ಆ ಹುಡುಗಿ ತೆಗೀಲಿ."

ಧನಶ್ರೀ ಬಿಕ್ಕಿದಳು. ಪದ್ಮಶ್ರೀಗೆ ಆ ಮಾತಿನ ತೂಕ ಗೊತ್ತಿರಲಿಲ್ಲ. ಅವಳು ಗಾಬರಿಯಿಂದ ಧನಶ್ರೀಯ ಕಡೆ, ಮುದುಕಿಯ ಕಡೆ ನೋಡಿದಳು. ಮುನಿಶಾಮಮ್ಮ ಗೋಡೆ ಹಿಡಿದು ಎದ್ದಳು. ಜಗಲಿಯ ಮೂಲೆಯಿಂದ ಗುಲಾಬಿಯ ಕವರನ್ನು ತಂದು ಹುಡುಗಿಯ ಕೈಗೆ ಕೊಟ್ಟಳು.

"ಬಾರಮ್ಮ. ಕುಂಕುಮ ಸರಿಯಾಗಿಟ್ಕೋ. ಬಾಗ್ಲು ತೆಗೆದ ತಕ್ಷಣ ತಲೆ ತಗ್ಗಿಸ್ಬೇಡ. ಮುಖ ಎತ್ತಿ ನಿಲ್ಲು. ನೋಡ್ಕೊಳ್ಳಲಿ."

"ಯಾರು ಅವ್ವಾ?"

"ತೆಗಿ, ಗೊತ್ತಾಗುತ್ತೆ."

ಪದ್ಮಶ್ರೀ ಹಲಗೆಯ ಮೇಲೆ ಅಂಗೈ ಇಟ್ಟು ನೂಕಿದಳು. ಬಾಗಿಲು ಅಲುಗಲಿಲ್ಲ. ಮತ್ತೆ ನೂಕಿದಳು. "ಒಳಗೆ ಚಿಲಕ ಹಾಕಿದ ಹಾಗಿದೆ" ಅಂದಳು.

ಆ ಬಾಗಿಲಿಗೆ ಒಳಗೆ ಚಿಲಕವಿಲ್ಲ ಅಂತ ಮನೆಯವರೆಲ್ಲರಿಗೂ ಗೊತ್ತು. ಮುನಿಶಾಮಮ್ಮ ಮಾತ್ರ ಹುಡುಗಿಯ ಬೆನ್ನ ಹಿಂದೆ ಬಂದು ನಿಂತಳು, ಮತ್ತು ಆಗ ಅವಳಿಗೆ ತಿಳಿಯಿತು. ಇಷ್ಟು ವರ್ಷವೂ ಈಚೆಯಿಂದ ಕಿವಿ ಇಟ್ಟವರದ್ದೇ ಲೆಕ್ಕ. ಆಚೆಯಿಂದ ಕಿವಿ ಇಟ್ಟು, ಹಲಗೆಗೆ ಒರಗಿ, ಮಗನ ಮಾತು ಒಂದೂ ಬಿಡದ ಹಾಗೆ ಯಾರು ನಿಂತಿದ್ದಾರೆಂದು ಯಾರೂ ಯೋಚಿಸಿರಲಿಲ್ಲ.

"ಜರುಗು ಅಕ್ಕಾ" ಅಂದಳು. "ಮಗು ಬರ್ಲಿ."

ಬಾಗಿಲು ತಾನಾಗಿ ಹಗುರವಾಗಿ ಒಳಗೆ ಹೋಯಿತು. ದೀಪ ಇನ್ನೂ ಉರಿಯುತ್ತಿತ್ತು. ಪದ್ಮಶ್ರೀ ಹೊಸ್ತಿಲ ಮೇಲೆ ಗುಲಾಬಿ ಎದೆಗೆ ಒತ್ತಿಕೊಂಡು, ಹೇಳಿಕೊಟ್ಟ ಹಾಗೆ ಮುಖ ಎತ್ತಿ ನಿಂತಳು. ಅವಳ ಭುಜದ ಮೇಲಿನಿಂದ ಒಳಗೆ ನೋಡುತ್ತಾ ಮುನಿಶಾಮಮ್ಮ ಕೊರಳಿಗೆ ಕೈ ಹಾಕಿ ಬೆರಳಾಡಿಸಿದಳು. ಎರಡು ಚುಕ್ಕೆ, ಒಂದು ಗೀರು, ಸೆರಗಿನ ಗೆರೆ. ಬಿಲ್ಲೆ ಹೊರಗೆ ಮುಖ ಮಾಡಿತ್ತು.